ಎಲ್ಲ ವಿಮಾನಗಳೂ ಒಂದೇ ಥರ ಯಾಕಿರುತ್ತವೆ? ಬೇರೆ ಥರ ಮಾಡಿದರೆ ಏನಾಗುತ್ತದೆ?

2025ರ ಏಪ್ರಿಲ್‌ನಲ್ಲಿ ಅಮೆರಿಕದ ಯುನೈಟೆಡ್ ಏರ್‌ಲೈನ್ಸ್, ಜೆಟ್‌ಝೀರೊ ಎನ್ನುವ ಹೊಸ ಕಂಪನಿಯಲ್ಲಿ ಹಣ ಹೂಡಿತು. ವಿಮಾನ ಅಂದುಕೊಂಡಂತೆ ತಯಾರಾಗಿ ಷರತ್ತುಗಳೆಲ್ಲ ಪೂರೈಸಿದರೆ 100 ವಿಮಾನಗಳವರೆಗೆ ಕೊಳ್ಳುವ, ಬೇಕೆನಿಸಿದರೆ ಇನ್ನೂ 100 ಸೇರಿಸುವ ಅವಕಾಶ ಆ ಒಪ್ಪಂದದಲ್ಲಿದೆ. ಸುದ್ದಿಯ ಜೊತೆ ಬಂದ ಚಿತ್ರ, ಒಮ್ಮೆ ನೋಡಿದವರು ಮತ್ತೊಮ್ಮೆ ನೋಡುವಂತಿತ್ತು. ಅದರಲ್ಲಿ ಉದ್ದನೆಯ ಕೊಳವೆಯಂಥ ಒಡಲಿಲ್ಲ. ನಮಗೆ ಪರಿಚಯವಿರುವ ಬಾಲವೂ ಇಲ್ಲ. ಒಡಲು ಎಲ್ಲಿಗೆ ಮುಗಿಯಿತು, ರೆಕ್ಕೆ ಎಲ್ಲಿಂದ ಶುರುವಾಯಿತು ಎಂದು ಗೆರೆ ಎಳೆಯಲಾಗದಂತೆ ಎರಡೂ ಸೇರಿಹೋಗಿವೆ. ಎಂಜಿನ್‌ಗಳು ಬೆನ್ನ ಮೇಲೆ ಕೂತಿವೆ. ಸುಮಾರು 250 ಪ್ರಯಾಣಿಕರನ್ನು ಇಂದಿನ ವಿಮಾನಗಳಿಗಿಂತ ಅರ್ಧದಷ್ಟು ಇಂಧನದಲ್ಲಿ ಒಯ್ಯಬಹುದು ಎನ್ನುವುದು ಕಂಪನಿಯ ಮಾತು.

ಅಷ್ಟೊಂದು ಇಂಧನ ಉಳಿಯುವುದಾದರೆ ಇಷ್ಟು ವರ್ಷ ಯಾರೂ ಯಾಕೆ ಮಾಡಲಿಲ್ಲ? ವಿಮಾನದ ಟಿಕೆಟ್ ದರ ನೋಡಿ ನಿಟ್ಟುಸಿರು ಬಿಟ್ಟ ಯಾರೇ ಆದರೂ ಕೇಳುವ ಪ್ರಶ್ನೆ ಇದು. ಮಾಡಿಲ್ಲ ಎಂದಲ್ಲ, ಬೇರೆ ಬೇರೆ ಆಕಾರಗಳನ್ನು ನೂರು ವರ್ಷಗಳಿಂದ ಮಾಡುತ್ತಲೇ ಬಂದಿದ್ದಾರೆ. ಬಾಲವಿಲ್ಲದ್ದು, ಬಾಲ ಮುಂದಿರುವುದು, ಪ್ರೊಪೆಲ್ಲರ್ ಹಿಂದಿರುವುದು, ಬರೀ ರೆಕ್ಕೆ ಇರುವುದು, ಎಲ್ಲವೂ ಹಾರಿವೆ. ಈ ನಾಲ್ಕೂ ಬಗೆಯವು ಕರ್ನಾಟಕದ ಆಕಾಶದಲ್ಲೇ ಹಾರಿವೆ. ಒಂದೊಂದು ಆಕಾರವೂ ಒಂದು ಲಾಭ ತಂದುಕೊಟ್ಟು, ಅದರ ಬೆಲೆಯನ್ನು ಬೇರೆಲ್ಲೋ ವಸೂಲಿ ಮಾಡಿದೆ. ಆ ಬೆಲೆ ಏನೆಂದು ತಿಳಿದರೆ ಹೊಸ ವಿಮಾನದ ಸುದ್ದಿಯನ್ನು ಓದುವ ರೀತಿಯೇ ಬದಲಾಗುತ್ತದೆ.

ಮಾಮೂಲಿ ವಿಮಾನದಲ್ಲೂ ಇದೇ ಲೆಕ್ಕ

ಮೊದಲು ನಾವು ಹತ್ತಿ ಇಳಿಯುವ ವಿಮಾನಗಳನ್ನೇ ನೋಡೋಣ. ಶಿವಮೊಗ್ಗದ ನಿಲ್ದಾಣಕ್ಕೆ 2023ರ ಆಗಸ್ಟ್ ಕೊನೆಯಲ್ಲಿ ಬೆಂಗಳೂರಿನಿಂದ ಬಂದ ಮೊದಲ ಪ್ರಯಾಣಿಕ ವಿಮಾನ ಎಟಿಆರ್-72. ಅದರ ರೆಕ್ಕೆ ಒಡಲಿನ ಮೇಲೆ, ನಮ್ಮ ತಲೆಯ ಮೇಲಿರುತ್ತದೆ. ದೊಡ್ಡ ನಿಲ್ದಾಣಗಳಲ್ಲಿ ಕಾಣುವ ಏರ್‌ಬಸ್ ಎ320ಕ್ಕೆ ರೆಕ್ಕೆ ಕೆಳಗೆ. ಯಾಕೆ ಈ ವ್ಯತ್ಯಾಸ?

ಎಟಿಆರ್‌ನ ಒಂದೊಂದು ಪ್ರೊಪೆಲ್ಲರ್ ತಿರುಗುವ ವೃತ್ತ ಸುಮಾರು 4 ಮೀಟರ್ ಅಗಲ. ರೆಕ್ಕೆಯನ್ನು ಕೆಳಗಿಟ್ಟರೆ ಅಲಗುಗಳು ನೆಲಕ್ಕೆ ಬಡಿಯದಿರಲು ವಿಮಾನಕ್ಕೆ ಉದ್ದುದ್ದ ಕಾಲು ಬೇಕು. ಮೇಲಿಟ್ಟರೆ ಕಾಲು ಗಿಡ್ಡವಾಗುತ್ತದೆ, ನೆಲ ಹತ್ತಿರವಾಗುತ್ತದೆ. ಹಿಂದಿನ ಬಾಗಿಲು ತೆರೆದು ಇಳಿದರೆ ಅದೇ ಮೆಟ್ಟಿಲು. ಏರೋಬ್ರಿಡ್ಜ್ ಇಲ್ಲದ ಚಿಕ್ಕ ಊರಿಗೆ ಹೇಳಿ ಮಾಡಿಸಿದ ವ್ಯವಸ್ಥೆ. ಇದಕ್ಕೆ ತೆರುವ ಬೆಲೆ ವಿಮಾನದ ಹೊಟ್ಟೆಯ ಪಕ್ಕದಲ್ಲಿ ಕಾಣುತ್ತದೆ: ರೆಕ್ಕೆ ಮೇಲಿರುವುದರಿಂದ ಚಕ್ರಗಳನ್ನು ಅದರೊಳಗೆ ಮಡಚಿಡಲಾಗದು. ಒಡಲಿನ ಎರಡೂ ಬದಿಗೆ ಉಬ್ಬಿದ ಗೂಡು ಕಟ್ಟಿ ಅಲ್ಲಿಡಬೇಕು. ಆ ಉಬ್ಬು ಗಾಳಿಗೆ ಅಡ್ಡ.

ಜೆಟ್ ವಿಮಾನದಲ್ಲಿ ಎಂಜಿನ್‌ಗಳನ್ನು ರೆಕ್ಕೆಯ ಕೆಳಗೆ ತೂಗುಹಾಕುವುದು ರೂಢಿ. ಹಾರುವಾಗ ರೆಕ್ಕೆ ಮೇಲಕ್ಕೆ ಬಾಗಲು ನೋಡುತ್ತದೆ, ಎಂಜಿನ್‌ನ ಭಾರ ಅದನ್ನು ಕೆಳಕ್ಕೆ ಹಿಡಿಯುತ್ತದೆ. ಹಾಗಾಗಿ ರೆಕ್ಕೆಯನ್ನು ಹಗುರಾಗಿ ಕಟ್ಟಬಹುದು. ಬೆಂಕಿ ಹತ್ತಿದರೆ ಎಂಜಿನ್ ಪ್ರಯಾಣಿಕರಿಂದ ದೂರವಿರುತ್ತದೆ, ಮೆಕ್ಯಾನಿಕ್‌ಗಳು ನೆಲದ ಮೇಲೆ ನಿಂತೇ ಮುಚ್ಚಳ ತೆರೆದು ಕೆಲಸ ಮಾಡಬಹುದು. ಆದರೆ ಎಂಜಿನ್ ದಪ್ಪವಾದರೆ? ಬೋಯಿಂಗ್ 737 ಅನ್ನು 1960ರ ದಶಕದಲ್ಲಿ ನೆಲಕ್ಕೆ ತಗ್ಗಾಗಿ ಕಟ್ಟಿದ್ದರು, ಸಾಮಾನುಗಳನ್ನು ಕೈಯಿಂದಲೇ ತುಂಬಲಿ ಎಂದು. ಅಂದಿನ ಎಂಜಿನ್‌ಗಳು ಸಪೂರ ಇದ್ದವು. ಅರ್ಧ ಶತಮಾನದ ಮೇಲೆ 737 ಮ್ಯಾಕ್ಸ್‌ಗೆ ದೊಡ್ಡ ಫ್ಯಾನಿನ ಎಂಜಿನ್ ಬೇಕಾದಾಗ ಕೆಳಗೆ ಜಾಗ ಸಾಲಲಿಲ್ಲ. ಎಂಜಿನ್‌ಗಳನ್ನು ಮುಂದಕ್ಕೆ ಮತ್ತು ಮೇಲಕ್ಕೆ ಸರಿಸಿದರು. ಇದರಿಂದ ಮೂತಿ ತುಂಬಾ ಎತ್ತಿದಾಗ ಅದು ಇನ್ನಷ್ಟು ಮೇಲೇಳುವ ಗುಣ ಬಂತು. ಅದನ್ನು ಸರಿದೂಗಿಸಲು ಒಂದು ಸಾಫ್ಟ್‌ವೇರ್ ಸೇರಿಸಿದರು. ಅದು ಒಂದೇ ಒಂದು ಸೆನ್ಸರ್‌ನ ಮಾತು ನಂಬಿ ಮೂತಿಯನ್ನು ಕೆಳಕ್ಕೆ ತಳ್ಳುತ್ತಿತ್ತು. 2018ರ ಅಕ್ಟೋಬರ್‌ನಲ್ಲಿ ಇಂಡೊನೇಷ್ಯಾದಲ್ಲಿ, 2019ರ ಮಾರ್ಚ್‌ನಲ್ಲಿ ಇಥಿಯೋಪಿಯಾದಲ್ಲಿ ಎರಡು ವಿಮಾನ ಬಿದ್ದು 346 ಜನ ತೀರಿಕೊಂಡರು.

ನೋಡಲು ಏನೂ ವಿಶೇಷವಿಲ್ಲದ ವಿಮಾನದಲ್ಲೇ ಒಂದು ಭಾಗವನ್ನು ಸ್ವಲ್ಪ ಸರಿಸಿದ್ದರ ಪರಿಣಾಮ ಇದು. ಇನ್ನು ಇಡೀ ಆಕಾರವನ್ನೇ ಬದಲಿಸುವವರ ಪಾಡು ಊಹಿಸಿ.

ಬಾಲ ಮಾಡುವ ಕೆಲಸ

ಬಾವಿಯಿಂದ ನೀರೆತ್ತುವ ಏತ ನೆನಪಿಸಿಕೊಳ್ಳಿ. ಕಂಬದ ಮೇಲೆ ಅಡ್ಡಲಾಗಿ ಉದ್ದನೆಯ ಮರ. ಒಂದು ತುದಿಗೆ ನೀರಿನ ಬಾನಿ, ಇನ್ನೊಂದು ತುದಿಗೆ ಕಲ್ಲು. ಮಾಮೂಲಿ ವಿಮಾನವೂ ಹೀಗೇ ತೂಗುತ್ತದೆ. ರೆಕ್ಕೆ ವಿಮಾನವನ್ನು ಎತ್ತಿ ಹಿಡಿಯುವ ಜಾಗವೇ ಕಂಬ. ವಿಮಾನದ ಭಾರವೆಲ್ಲ ಕೇಂದ್ರೀಕರಿಸಿದ ಬಿಂದು, ಅಂದರೆ ಗುರುತ್ವ ಕೇಂದ್ರ, ಅದಕ್ಕಿಂತ ಸ್ವಲ್ಪ ಮುಂದಿರುತ್ತದೆ. ಹಾಗೇ ಬಿಟ್ಟರೆ ಮೂತಿ ಕೆಳಗಾಗುತ್ತದೆ. ಆಗದಂತೆ ಹಿಂದಿನ ತುದಿಯಲ್ಲಿ ಬಾಲದ ಅಡ್ಡ ರೆಕ್ಕೆ ಕೆಳಕ್ಕೆ ಒತ್ತುತ್ತದೆ. ಮರ ಉದ್ದವಿದ್ದಷ್ಟೂ ಕಲ್ಲು ಚಿಕ್ಕದಾದರೆ ಸಾಕು. ವಿಮಾನದ ಒಡಲು ಹಿಂದಕ್ಕೆ ಅಷ್ಟುದ್ದ ಚಾಚಿರುವುದಕ್ಕೆ ಒಂದು ಕಾರಣ ಇದು.

ಭಾರವನ್ನು ಮುಂದಿಟ್ಟು ಬಾಲದಿಂದ ಒತ್ತುವ ಈ ಸರ್ಕಸ್ ಯಾಕೆ ಬೇಕು? ಸ್ಥಿರತೆಗಾಗಿ. ಗಾಳಿಯ ಹೊಡೆತಕ್ಕೆ ಮೂತಿ ಮೇಲೆದ್ದಿತು ಎನ್ನಿ. ತಕ್ಷಣ ಬಾಲಕ್ಕೆ ಗಾಳಿ ಬಡಿಯುವ ಕೋನವೂ ಬದಲಾಗಿ ಅದರ ಕೆಳಮುಖ ಒತ್ತಡ ಕಡಿಮೆಯಾಗುತ್ತದೆ, ಹಿಂಭಾಗ ಏಳುತ್ತದೆ, ಮೂತಿ ತಾನಾಗಿ ಮೊದಲಿನ ಜಾಗಕ್ಕೆ ಬರುತ್ತದೆ. ಪೈಲಟ್ ಏನೂ ಮಾಡಬೇಕಿಲ್ಲ.

ಇದರ ಬೆಲೆಯೂ ಸ್ಪಷ್ಟ. ಬಾಲ ಕೆಳಕ್ಕೆ ಒತ್ತಿದಷ್ಟನ್ನೂ ರೆಕ್ಕೆ ಹೆಚ್ಚುವರಿಯಾಗಿ ಹೊರಬೇಕು. ಬಾಲಕ್ಕೆ ತನ್ನದೇ ತೂಕವಿದೆ, ಗಾಳಿಯ ಎಳೆತವಿದೆ. ಹಾಗಾಗಿಯೇ ಅದನ್ನು ಕಿತ್ತುಹಾಕುವ ಆಸೆ ವಿನ್ಯಾಸಕಾರರನ್ನು ಬಿಟ್ಟಿಲ್ಲ.

ಬಾಲ ತೆಗೆದರೆ: ತೇಜಸ್

ಏರೋ ಇಂಡಿಯಾ ಶೋ ನೋಡಲು ಯಲಹಂಕಕ್ಕೆ ಹೋದವರು ತೇಜಸ್ ಯುದ್ಧವಿಮಾನವನ್ನು ಗಮನಿಸಿರುತ್ತೀರಿ. ಹಿಂದೆ ನೆಟ್ಟಗಿನ ಒಂದು ರೆಕ್ಕೆ ಇದೆ, ಅಡ್ಡ ಬಾಲವಿಲ್ಲ. ತ್ರಿಕೋನದ ದೊಡ್ಡ ರೆಕ್ಕೆಯೇ ಹಿಂದಿನವರೆಗೆ ಹರಡಿಕೊಂಡಿದೆ. ಇದಕ್ಕೆ ಡೆಲ್ಟಾ ರೆಕ್ಕೆ ಎನ್ನುತ್ತಾರೆ. ಶಬ್ದದ ವೇಗ ದಾಟುವಾಗ ಡೆಲ್ಟಾಗೆ ಎಳೆತ ಕಡಿಮೆ. ಬುಡದಲ್ಲಿ ಅಗಲವಾಗಿರುವುದರಿಂದ ಗಟ್ಟಿ, ಒಳಗೆ ಇಂಧನಕ್ಕೂ ಜಾಗ. ಬಾಲದ ತೂಕ ಉಳಿದದ್ದರಿಂದ ವಿಮಾನ ಪುಟ್ಟದಾಯಿತು: ರೆಕ್ಕೆಯ ತುದಿಯಿಂದ ತುದಿಗೆ 8.2 ಮೀಟರ್ ಅಷ್ಟೇ.

ಏತದ ಕಲ್ಲು ತೆಗೆದ ಮೇಲೆ ತೂಗಿಸುವವರು ಯಾರು? ರೆಕ್ಕೆಯ ಹಿಂದಿನ ಅಂಚಿನ ಪಟ್ಟಿಗಳು. ಇವುಗಳ ಹೆಸರು ಎಲಿವಾನ್. ಬಾಲದಷ್ಟು ಹಿಂದೆ ಇಲ್ಲದ್ದರಿಂದ ಇವು ಜೋರಾಗಿ ದುಡಿಯಬೇಕು. ಇಳಿಯುವ ಹೊತ್ತಿಗೆ ತೊಂದರೆ ಎದ್ದು ಕಾಣುತ್ತದೆ. ಮೂತಿ ಎತ್ತಲು ಎಲಿವಾನ್‌ಗಳು ಮೇಲಕ್ಕೆ ಮಡಚಿ ರೆಕ್ಕೆಯ ಹಿಂಭಾಗವನ್ನು ಕೆಳಕ್ಕೆ ಒತ್ತುತ್ತವೆ. ಅಂದರೆ ವಿಮಾನ ನಿಧಾನವಾಗಿ, ಎತ್ತುವ ಬಲ ಅತಿ ಹೆಚ್ಚು ಬೇಕಾದಾಗಲೇ ಆ ಬಲದಲ್ಲಿ ಒಂದು ಪಾಲು ಕಡಿತ. ಬಾಲವಿರುವ ವಿಮಾನಗಳಂತೆ ದೊಡ್ಡ ಫ್ಲ್ಯಾಪ್, ಅಂದರೆ ನಿಧಾನ ವೇಗದಲ್ಲಿ ಎತ್ತುವ ಬಲ ಹೆಚ್ಚಿಸಲು ರೆಕ್ಕೆಯ ಹಿಂದಿನ ಅಂಚಿನಿಂದ ಇಳಿಸುವ ಪಟ್ಟಿ, ಇಳಿಬಿಡಲೂ ಆಗದು. ಹಾಗಾಗಿ ಡೆಲ್ಟಾ ವಿಮಾನಗಳು ಮೂತಿಯನ್ನು ಬಹಳ ಮೇಲಕ್ಕೆತ್ತಿ ಇಳಿಯುತ್ತವೆ. ಕಾಂಕಾರ್ಡ್ ವಿಮಾನದ ಪೈಲಟ್‌ಗಳಿಗೆ ಆ ಭಂಗಿಯಲ್ಲಿ ರನ್‌ವೇ ಕಾಣದೆ, ಮೂತಿಯನ್ನೇ ಕೆಳಕ್ಕೆ ಬಾಗಿಸುವ ವ್ಯವಸ್ಥೆ ಮಾಡಬೇಕಾಯಿತು.

ತೇಜಸ್‌ನಲ್ಲಿ ಇನ್ನೊಂದು ದಿಟ್ಟ ಹೆಜ್ಜೆ ಇಟ್ಟರು. ಭಾರವನ್ನು ಮುಂದಿಡುವ ನಿಯಮವನ್ನೇ ಸಡಿಲಿಸಿದರು. ಸ್ಥಿರತೆ ಬಿಟ್ಟುಕೊಟ್ಟರೆ ವಿಮಾನ ಚುರುಕಾಗಿ ತಿರುಗುತ್ತದೆ, ಎಲಿವಾನ್‌ಗಳ ಹೊರೆಯೂ ಇಳಿಯುತ್ತದೆ. ಆದರೆ ಅಂಥ ವಿಮಾನ ತಾನಾಗಿ ಸರಿಹೋಗುವುದಿಲ್ಲ, ಮೂತಿ ಒಮ್ಮೆ ಎದ್ದರೆ ಏಳುತ್ತಲೇ ಹೋಗುತ್ತದೆ. ಯಾವ ಮನುಷ್ಯನ ಕೈಗೂ ಆ ವೇಗದಲ್ಲಿ ಅದನ್ನು ಹಿಡಿಯಲಾಗದು. ಆ ಕೆಲಸ ಕಂಪ್ಯೂಟರ್‌ನದು. ಪೈಲಟ್ ಕೋಲನ್ನು ಎಳೆದರೆ ಅದು ಕೇವಲ ಕೋರಿಕೆ. ಯಾವ ಪಟ್ಟಿ ಎಷ್ಟು ಅಲುಗಬೇಕೆಂದು ಕಂಪ್ಯೂಟರ್ ಕ್ಷಣಕ್ಷಣಕ್ಕೂ ಲೆಕ್ಕ ಹಾಕಿ ವಿದ್ಯುತ್ ಸಂಕೇತ ಕಳಿಸುತ್ತದೆ. ಇದೇ ಫ್ಲೈ-ಬೈ-ವೈರ್. ಇದು ಕೆಟ್ಟರೆ ವಿಮಾನವೇ ಇಲ್ಲ. ಹಾಗಾಗಿ ಒಂದೇ ಕೆಲಸಕ್ಕೆ ನಾಲ್ಕು ಸಮಾನಾಂತರ ಹಾದಿಗಳಿವೆ, ಒಂದು ತಪ್ಪು ಹೇಳಿದರೆ ಉಳಿದವು ಅದನ್ನು ಬದಿಗೆ ಸರಿಸುತ್ತವೆ.

ಈ ಲೆಕ್ಕದ ಸೂತ್ರಗಳನ್ನು ಬರೆದದ್ದು ಬೆಂಗಳೂರಿನಲ್ಲಿ, ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದ (ಎನ್‌ಎಎಲ್) ನೇತೃತ್ವದ ತಂಡ. 1998ರ ಅಣುಪರೀಕ್ಷೆಯ ನಂತರ ಅಮೆರಿಕ ನಿರ್ಬಂಧ ಹೇರಿದಾಗ ಅಲ್ಲಿನ ಕಂಪನಿಯ ಸಹಕಾರ ನಿಂತುಹೋಯಿತು. ಉಳಿದದ್ದನ್ನು ನಮ್ಮವರೇ ಮುಗಿಸಿದರು. 2001ರ ಜನವರಿ 4ರಂದು ವಿಂಗ್ ಕಮಾಂಡರ್ ರಾಜೀವ್ ಕೋಠಿಯಾಲ್ ಎಚ್‌ಎಎಲ್ ನಿಲ್ದಾಣದಿಂದ ಅದನ್ನು ಮೊದಲ ಬಾರಿ ಹಾರಿಸಿದರು. ತೇಜಸ್ ತಡವಾಯಿತು ಎಂಬ ಮಾತು ಎಲ್ಲರ ಬಾಯಲ್ಲೂ ಇದೆ. ಬಾಲವಿಲ್ಲದ, ತನ್ನಷ್ಟಕ್ಕೆ ನಿಲ್ಲದ ವಿಮಾನವನ್ನು ಮೊದಲ ಹಾರಾಟದಲ್ಲೇ ನೆಟ್ಟಗೆ ಇಳಿಸಿದ್ದು ಎಂಥ ಕೆಲಸ ಎನ್ನುವುದೂ ಅಷ್ಟೇ ಜನಕ್ಕೆ ತಿಳಿಯಬೇಕು.

ಬಾಲವನ್ನು ಮುಂದಕ್ಕೆ ತಂದರೆ

ಏತದ ಹಿಂದೆ ಕಲ್ಲು ಕಟ್ಟುವ ಬದಲು ಮುಂದಿನ ಬಾನಿಗೇ ಕೈ ಕೊಟ್ಟು ಎತ್ತಿ ಹಿಡಿದರೆ? ಮೂತಿಯ ಹತ್ತಿರ ಪುಟ್ಟ ರೆಕ್ಕೆ ಇಟ್ಟರೆ ಅದು ಕೆಳಕ್ಕೆ ಒತ್ತುವ ಬದಲು ಮೇಲಕ್ಕೆ ಎತ್ತುತ್ತದೆ. ಎಲ್ಲ ರೆಕ್ಕೆಗಳೂ ಎತ್ತುವ ಕೆಲಸಕ್ಕೇ ಬರುತ್ತವೆ, ಯಾವ ಬಲವೂ ವ್ಯರ್ಥವಾಗುವುದಿಲ್ಲ. ಈ ಮುಂದಿನ ರೆಕ್ಕೆಯ ಹೆಸರು ಕೆನಾರ್ಡ್. 1903ರಲ್ಲಿ ರೈಟ್ ಸಹೋದರರು ಹಾರಿಸಿದ ಮೊದಲ ವಿಮಾನವೇ ಹೀಗಿತ್ತು, ಬಾಲ ಹಿಂದಕ್ಕೆ ಹೋದದ್ದು ಆಮೇಲೆ.

ಕೆನಾರ್ಡ್‌ಗೆ ಮತ್ತೆ ಜೀವ ಕೊಟ್ಟವರು ಅಮೆರಿಕದ ಬರ್ಟ್ ರುಟಾನ್. ಅವರಿಗೆ ಬೇಕಿದ್ದದ್ದು ಸ್ಟಾಲ್‌ನಿಂದ ರಕ್ಷಣೆ. ಮೂತಿಯನ್ನು ಮಿತಿಮೀರಿ ಎತ್ತಿದರೆ ರೆಕ್ಕೆಯ ಮೇಲಿನ ಗಾಳಿ ಮೈಗಂಟಿಕೊಂಡು ಹರಿಯದೆ ಚದುರಿಹೋಗುತ್ತದೆ, ಎತ್ತುವ ಬಲ ಕುಸಿಯುತ್ತದೆ. ಇದು ಸ್ಟಾಲ್. ಚಿಕ್ಕ ವಿಮಾನಗಳ ಎಷ್ಟೋ ಅಪಘಾತಗಳ ಹಿಂದೆ ಇದೇ ಇರುತ್ತದೆ. ಕೆನಾರ್ಡ್ ಮುಖ್ಯ ರೆಕ್ಕೆಗಿಂತ ಮೊದಲು ಸ್ಟಾಲ್ ಆಗುವಂತೆ ಕೂರಿಸಿದರೆ ಅದು ಸೋತ ಕೂಡಲೇ ಮೂತಿ ಮೆಲ್ಲಗೆ ಕೆಳಗಾಗುತ್ತದೆ, ಮುಖ್ಯ ರೆಕ್ಕೆಗೆ ಅಪಾಯದ ಕೋನ ತಲುಪಲು ಅವಕಾಶವೇ ಸಿಗದು. 1986ರ ಡಿಸೆಂಬರ್‌ನಲ್ಲಿ ಅವರದೇ ವಿನ್ಯಾಸದ ವಾಯೇಜರ್, ಎಲ್ಲೂ ಇಳಿಯದೆ, ದಾರಿಯಲ್ಲಿ ಇಂಧನ ತುಂಬಿಸಿಕೊಳ್ಳದೆ, ಒಂಬತ್ತು ದಿನಗಳಲ್ಲಿ ಭೂಮಿಯನ್ನು ಸುತ್ತಿ ಬಂತು.

ಹಾಗಿದ್ದರೆ ಎಲ್ಲ ವಿಮಾನಕ್ಕೂ ಇದನ್ನೇ ಇಡಬಹುದಿತ್ತಲ್ಲ? ಸುರಕ್ಷತೆ ಬಂದ ದಾರಿಯಲ್ಲೇ ನಷ್ಟವೂ ಬಂತು. ಮುಖ್ಯ ರೆಕ್ಕೆ ಎಂದೂ ತನ್ನ ಪೂರ್ತಿ ಶಕ್ತಿಯವರೆಗೆ ಹೋಗಲಾರದು ಎಂದರೆ ವಿಮಾನ ಹೆಚ್ಚು ವೇಗದಲ್ಲೇ ಇಳಿಯಬೇಕು, ಉದ್ದನೆಯ ರನ್‌ವೇ ಬೇಕು. ಮುಖ್ಯ ರೆಕ್ಕೆಗೆ ಫ್ಲ್ಯಾಪ್ ಹಾಕಿ ಇಳಿಬಿಟ್ಟರೆ ಮೂತಿ ಕೆಳಗಾಗಲು ನೋಡುತ್ತದೆ, ಪುಟ್ಟ ಕೆನಾರ್ಡ್‌ಗೆ ಅದನ್ನು ತಡೆಯುವ ತಾಕತ್ತಿಲ್ಲ. ಬೀಚ್‌ಕ್ರಾಫ್ಟ್ ಕಂಪನಿಯ ಸ್ಟಾರ್‌ಶಿಪ್ ಎಂಬ ವಿಮಾನ ಇದಕ್ಕೆ ಕಂಡುಕೊಂಡ ಉಪಾಯ ನನಗೆ ಬಹಳ ಇಷ್ಟ. ಅದರ ಕೆನಾರ್ಡ್ ಸಾಮಾನ್ಯ ಹಾರಾಟದಲ್ಲಿ ಹಿಂದಕ್ಕೆ ಬಾಗಿರುತ್ತದೆ. ಪೈಲಟ್ ಫ್ಲ್ಯಾಪ್ ಇಳಿಸಿದ ಕೂಡಲೇ ಕೆನಾರ್ಡ್ ಮುಂದಕ್ಕೆ ತಿರುಗಿ, ತೋಳು ಚಾಚಿದಂತೆ ನೇರವಾಗಿ, ಹೆಚ್ಚು ಬಲ ಹುಟ್ಟಿಸಿ ಮೂತಿಯನ್ನು ಹಿಡಿದುಕೊಳ್ಳುತ್ತದೆ. ಎಷ್ಟು ಅಚ್ಚುಕಟ್ಟು! ಆದರೆ ತಿರುಗುವ ರೆಕ್ಕೆಗೆ ಯಂತ್ರ ಬೇಕು, ಯಂತ್ರಕ್ಕೆ ತೂಕ, ತೂಕಕ್ಕೆ ದೊಡ್ಡ ಎಂಜಿನ್. ಇಡೀ ಮೈಯನ್ನು ಕಾಂಪೋಸಿಟ್‌ನಲ್ಲಿ, ಅಂದರೆ ನಾರು ಮತ್ತು ಅಂಟಿನ ಪದರಗಳಲ್ಲಿ ಕಟ್ಟುವುದೂ ಆಗ ಹೊಸತು. ಸ್ಟಾರ್‌ಶಿಪ್ ದುಬಾರಿಯಾಯಿತು, ಭಾರವಾಯಿತು. ತಯಾರಾದದ್ದು 53 ಮಾತ್ರ.

ರುಟಾನ್‌ರ ಲಾಂಗ್-ಈಝೀ ವಿನ್ಯಾಸವನ್ನು ಆಧರಿಸಿ ಬೆಂಗಳೂರಿನ ಎನ್‌ಎಎಲ್ ಕೂಡ ಒಂದು ಹಗುರ ಕೆನಾರ್ಡ್ ವಿಮಾನ ಕಟ್ಟಿ 1987ರಲ್ಲಿ ಹಾರಿಸಿತು. ಅದರಿಂದ ಕಾಂಪೋಸಿಟ್ ಕೆಲಸದ ಕೈಚಳಕ ಬಂತು. ಆಮೇಲೆ ಅದೇ ಸಂಸ್ಥೆ ತರಬೇತಿಗೆಂದು ಹಂಸ ವಿಮಾನ ಮಾಡಿದಾಗ ಆರಿಸಿಕೊಂಡದ್ದು ಬಾಲ ಹಿಂದಿರುವ ಮಾಮೂಲಿ ಆಕಾರ. ಕಾಂಪೋಸಿಟ್ ಉಳಿಯಿತು, ಕೆನಾರ್ಡ್ ಉಳಿಯಲಿಲ್ಲ. ಇತ್ತ ತೇಜಸ್‌ನ ಮುಂದಿನ ಆವೃತ್ತಿ ಮಾರ್ಕ್-2ಕ್ಕೆ ಕೆನಾರ್ಡ್ ಬರಲಿದೆ. ಅದು ರೆಕ್ಕೆಗೆ ತೀರ ಹತ್ತಿರದಲ್ಲಿದ್ದು, ಅದರ ಹಿಂದೆ ಏಳುವ ಸುಳಿಗಾಳಿ ಡೆಲ್ಟಾ ರೆಕ್ಕೆಯ ಮೇಲೆ ಹರಿದು, ಮೂತಿ ಎತ್ತಿದಾಗಲೂ ರೆಕ್ಕೆ ಸೋಲದಂತೆ ನೋಡಿಕೊಳ್ಳುತ್ತದೆ. ಆಕಾರ ಒಂದೇ, ಅದರಿಂದ ತೆಗೆದುಕೊಳ್ಳುವ ಕೆಲಸ ಬೇರೆ.

ಪ್ರೊಪೆಲ್ಲರ್ ಹಿಂದಿದ್ದರೆ: ಸಾರಸ್

ಪ್ರೊಪೆಲ್ಲರ್ ಸಾಮಾನ್ಯವಾಗಿ ಮುಂದಿದ್ದು ವಿಮಾನವನ್ನು ಎಳೆಯುತ್ತದೆ. ಹಿಂದಿಟ್ಟು ತಳ್ಳುವಂತೆ ಮಾಡಿದರೆ ಅದು ಪುಷರ್. ಬೆಂಗಳೂರಿನಲ್ಲಿ ಎನ್‌ಎಎಲ್ ರೂಪಿಸಿದ 14 ಆಸನಗಳ ಸಾರಸ್ ಹೀಗಿದೆ. ಎರಡು ಎಂಜಿನ್‌ಗಳು ರೆಕ್ಕೆಯ ಮೇಲಿಲ್ಲ, ಒಡಲಿನ ಹಿಂಭಾಗದ ಅಕ್ಕಪಕ್ಕದಲ್ಲಿ ಚಾಚಿಕೊಂಡಿವೆ, ಪ್ರೊಪೆಲ್ಲರ್‌ಗಳು ಹಿಂದಕ್ಕೆ ಮುಖಮಾಡಿವೆ.

ಲಾಭ ಹಲವು. ಪ್ರೊಪೆಲ್ಲರ್‌ನ ಕದಡಿದ ಗಾಳಿ ರೆಕ್ಕೆಗೆ ತಾಗುವುದಿಲ್ಲ. ಸದ್ದು ಪ್ರಯಾಣಿಕರ ಹಿಂದೆ ಉಳಿಯುತ್ತದೆ. ಎಂಜಿನ್‌ಗಳು ಮಧ್ಯರೇಖೆಗೆ ಹತ್ತಿರವಿರುವುದರಿಂದ ಒಂದು ಕೆಟ್ಟರೆ ಇನ್ನೊಂದು ವಿಮಾನವನ್ನು ಪಕ್ಕಕ್ಕೆ ತಿರುಗಿಸುವ ಒತ್ತಡ ಕಡಿಮೆ.

ಬೆಲೆಯ ಪಟ್ಟಿಯೂ ಉದ್ದವಿದೆ. ಹಿಂದೆ ಇಷ್ಟು ಭಾರ ಕೂತರೆ ಗುರುತ್ವ ಕೇಂದ್ರ ಹಿಂದಕ್ಕೆ ಸರಿಯುತ್ತದೆ, ಅದನ್ನು ಹಿಂಬಾಲಿಸಿ ರೆಕ್ಕೆಯೂ ಹಿಂದಕ್ಕೆ ಹೋಗಬೇಕು. ಆಗ ರೆಕ್ಕೆಗೂ ಬಾಲಕ್ಕೂ ನಡುವಿನ ದೂರ ಕಿರಿದಾಗಿ, ಏತದ ಮರ ಗಿಡ್ಡವಾದಂತೆ ಆಗಿ, ಬಾಲ ದೊಡ್ಡದಾಗಬೇಕು. ಪ್ರೊಪೆಲ್ಲರ್ ಈಗ ವಿಮಾನದ ಮೈ ಕಲಕಿದ ಗಾಳಿಯಲ್ಲಿ ತಿರುಗುತ್ತದೆ. ಪ್ರತಿ ಸುತ್ತಿನಲ್ಲೂ ಅಲಗಿಗೆ ಬೇರೆ ಬೇರೆ ವೇಗದ ಗಾಳಿ ಬಡಿದು ಕಂಪನ ಹುಟ್ಟುತ್ತದೆ. ಚಕ್ರಗಳು ಎಬ್ಬಿಸಿದ ಕಲ್ಲು, ರೆಕ್ಕೆಯಿಂದ ಕಳಚಿದ ಮಂಜುಗಡ್ಡೆಯ ತುಂಡು ನೇರ ಅಲಗಿಗೆ ಹೋಗುತ್ತದೆ. ಇಟಲಿಯ ಪಿಯಾಜಿಯೊ ಅವಂತಿ ಇದೇ ಬಗೆಯ ಪುಷರ್. ಕೆನಾರ್ಡ್‌ನಂಥ ಮುಂದಿನ ರೆಕ್ಕೆ, ಮುಖ್ಯ ರೆಕ್ಕೆ, ಬಾಲ ಮೂರೂ ಇರುವ ಸುಂದರ ವಿಮಾನ. ಪ್ರೊಪೆಲ್ಲರ್ ವಿಮಾನವಾದರೂ ಗಂಟೆಗೆ 700 ಕಿ.ಮೀ. ದಾಟುತ್ತದೆ. ಒಳಗೆ ಕೂತವರಿಗೆ ನಿಶ್ಶಬ್ದ, ಆದರೆ ಎಂಜಿನ್‌ನ ಹೊಗೆ ಮತ್ತು ರೆಕ್ಕೆಯ ಹಿಂದಿನ ಗಾಳಿ ಅಲಗುಗಳಿಗೆ ಬಡಿಯುವುದರಿಂದ ನೆಲದ ಮೇಲಿರುವವರಿಗೆ ಅದರ ಕರ್ಕಶ ದನಿ ದೂರದಿಂದಲೇ ಗುರುತು ಸಿಗುತ್ತದೆ.

ಸಾರಸ್ 2004ರ ಮೇ 29ರಂದು ಮೊದಲು ಹಾರಿತು. ಮೊದಲ ಮಾದರಿ ಅಂದುಕೊಂಡದ್ದಕ್ಕಿಂತ ಸುಮಾರು 900 ಕಿಲೊ ಹೆಚ್ಚು ತೂಗುತ್ತಿತ್ತು. 14 ಜನ ಕೂರುವ ವಿಮಾನಕ್ಕೆ 900 ಕಿಲೊ ಎಂದರೆ ಹತ್ತು ಹನ್ನೆರಡು ಪ್ರಯಾಣಿಕರ ಭಾರ. 2009ರ ಮಾರ್ಚ್ 6ರಂದು ಎರಡನೇ ಮಾದರಿ, ಹಾರಾಟದಲ್ಲೇ ಎಂಜಿನ್ ನಿಲ್ಲಿಸಿ ಮತ್ತೆ ಚಾಲೂ ಮಾಡುವ ಪರೀಕ್ಷೆಯ ವೇಳೆ ಬಿಡದಿ ಬಳಿ ಬಿದ್ದು, ವಾಯುಪಡೆಯ ಇಬ್ಬರು ಪೈಲಟ್‌ಗಳು ಮತ್ತು ಒಬ್ಬ ಪರೀಕ್ಷಾ ಎಂಜಿನಿಯರ್ ಪ್ರಾಣ ಕಳೆದುಕೊಂಡರು. ಯೋಜನೆ ವರ್ಷಗಟ್ಟಲೆ ನಿಂತಿತ್ತು. ತಿದ್ದಿ ಸುಧಾರಿಸಿದ ಮಾದರಿ 2018ರ ಜನವರಿ 24ರಂದು ಮತ್ತೆ ಆಕಾಶಕ್ಕೇರಿತು.

ಬರೀ ರೆಕ್ಕೆ

ಬಾಲ ಬೇಡ, ಒಡಲೂ ಬೇಡ, ಎತ್ತುವ ರೆಕ್ಕೆ ಒಂದೇ ಸಾಕು ಎಂದು ಜೀವನವಿಡೀ ನಂಬಿದವರು ಅಮೆರಿಕದ ಜಾಕ್ ನಾರ್ತ್‌ರಪ್. ಕಾಗದದ ಮೇಲೆ ಇದಕ್ಕಿಂತ ಕಡಿಮೆ ಎಳೆತದ ಆಕಾರವಿಲ್ಲ. ಅವರ ಎಂಟು ಎಂಜಿನ್‌ಗಳ ವೈಬಿ-49 ಎಂಬ ಬಾಂಬರ್ 1947ರಲ್ಲಿ ಹಾರಿತು. ಆದರೆ ನೆಟ್ಟಗಿನ ದೊಡ್ಡ ಬಾಲವೂ ಇಲ್ಲದ ವಿಮಾನ ಮೂತಿಯನ್ನು ಎಡಕ್ಕೂ ಬಲಕ್ಕೂ ಆಡಿಸುತ್ತಿತ್ತು. ಬಾಂಬ್ ಗುರಿಯಿಡಲು ನೆಟ್ಟಗೆ ನಿಲ್ಲುತ್ತಿರಲಿಲ್ಲ. 1948ರ ಜೂನ್‌ನಲ್ಲಿ ಒಂದು ವಿಮಾನ ಬಿದ್ದು ಐವರು ಸತ್ತರು. ಅವರಲ್ಲಿ ಒಬ್ಬರಾದ ಕ್ಯಾಪ್ಟನ್ ಗ್ಲೆನ್ ಎಡ್ವರ್ಡ್ಸ್ ಅವರ ಹೆಸರನ್ನೇ ಕ್ಯಾಲಿಫೋರ್ನಿಯಾದ ಆ ವಾಯುನೆಲೆಗೆ ಇಟ್ಟಿದ್ದಾರೆ. ಯೋಜನೆ ಮುಚ್ಚಿತು.

ನಲವತ್ತು ವರ್ಷದ ಮೇಲೆ ಅದೇ ಆಕಾರ ವಾಪಸು ಬಂತು, ಬೇರೆಯೇ ಕಾರಣಕ್ಕೆ. ಅಡ್ಡ ಮತ್ತು ನೆಟ್ಟಗಿನ ತಟ್ಟೆಗಳು ಕೂಡುವ ಮೂಲೆಗೆ ಬಿದ್ದ ರಾಡಾರ್ ಅಲೆ ಬಂದ ದಿಕ್ಕಿಗೇ ತಿರುಗಿ ಹೋಗುತ್ತದೆ. ಬಾಲವಿಲ್ಲದಿದ್ದರೆ ಆ ಮೂಲೆಯೇ ಇಲ್ಲ, ವಿಮಾನ ರಾಡಾರ್‌ಗೆ ಕಾಣುವುದು ಕಷ್ಟ. 1989ರ ಜುಲೈ 17ರಂದು ಹಾರಿದ ಬಿ-2 ಬಾಂಬರ್‌ನ ರೆಕ್ಕೆಯ ಉದ್ದ 172 ಅಡಿ, ವೈಬಿ-49ರಷ್ಟೇ. ಎಡಬಲಕ್ಕೆ ತಿರುಗಲು ಅದು ರೆಕ್ಕೆಯ ತುದಿಯ ಪಟ್ಟಿಯನ್ನು ಮೇಲೂ ಕೆಳಗೂ ಎರಡು ಸೀಳಾಗಿ ತೆರೆದು ಆ ಬದಿಗೆ ಎಳೆತ ಹುಟ್ಟಿಸುತ್ತದೆ. ಇದನ್ನು ಬಿಡುವಿಲ್ಲದೆ ನೋಡಿಕೊಳ್ಳುವುದು ಕಂಪ್ಯೂಟರ್. 1940ರ ದಶಕದಲ್ಲಿ ಇರದಿದ್ದದ್ದು ಅದೊಂದೇ. ತಮ್ಮ ಆಕಾರಕ್ಕೆ ಮರುಜೀವ ಬರುತ್ತಿರುವುದು ನಾರ್ತ್‌ರಪ್‌ರಿಗೆ ತಿಳಿದಿತ್ತು. 1980ರಲ್ಲಿ ಅವರಿಗೆ ಅದರ ಪುಟ್ಟ ಮಾದರಿ ತೋರಿಸಿದ್ದರು. 1981ರಲ್ಲಿ ಅವರು ತೀರಿಕೊಂಡರು.

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನಲ್ಲಿರುವ ಡಿಆರ್‌ಡಿಒ ಪರೀಕ್ಷಾ ವಲಯದಿಂದ 2022ರ ಜುಲೈ 1ರಂದು ಹಾರಿದ್ದೂ ಇದೇ ಬಳಗದ್ದು. ಬೆಂಗಳೂರಿನ ಎಡಿಇ ಪ್ರಯೋಗಾಲಯ ರೂಪಿಸಿದ, ಪೈಲಟ್ ಇಲ್ಲದ, ಬರೀ ರೆಕ್ಕೆಯ ಆಕಾರದ ಪ್ರಾಯೋಗಿಕ ವಿಮಾನ. ಏರಿದ್ದು, ಇಳಿದದ್ದು ಎಲ್ಲ ತಾನಾಗಿಯೇ.

ರೆಕ್ಕೆಯೊಳಗೆ ಜನ ಕೂತರೆ

ಈಗ ಜೆಟ್‌ಝೀರೊ ಚಿತ್ರಕ್ಕೆ ಬರೋಣ. ಬರೀ ರೆಕ್ಕೆಯ ವಿಮಾನದಲ್ಲಿ ಜನ ನಿಲ್ಲುವಷ್ಟು ಎತ್ತರವಿರುವುದಿಲ್ಲ. ನಡುವಿನ ಭಾಗವನ್ನು ಉಬ್ಬಿಸಿ, ಅದೂ ಎತ್ತುವ ಬಲ ಹುಟ್ಟಿಸುವಂತೆ ತಿದ್ದಿದರೆ ಸಿಗುವುದು ಬ್ಲೆಂಡೆಡ್ ವಿಂಗ್ ಬಾಡಿ. ಕೊಳವೆಯಂಥ ಒಡಲು ಗಾಳಿಗೆ ಉಜ್ಜುತ್ತದೆ, ಆದರೆ ಎತ್ತಲು ಹೆಚ್ಚೇನೂ ಸಹಾಯ ಮಾಡುವುದಿಲ್ಲ. ಇಲ್ಲಿ ಇಡೀ ಮೈ ಎತ್ತುತ್ತದೆ, ಗಾಳಿ ಉಜ್ಜುವ ಮೇಲ್ಮೈಯೂ ಕಡಿಮೆ. ಬೆನ್ನ ಮೇಲಿನ ಎಂಜಿನ್‌ಗಳ ಸದ್ದಿಗೆ ಅಗಲವಾದ ಮೈಯೇ ಮರೆ. 1990ರ ದಶಕದ ಅಧ್ಯಯನದಲ್ಲಿ ರಾಬರ್ಟ್ ಲೀಬೆಕ್ ಅವರ ತಂಡ 800 ಆಸನಗಳ ಇಂಥ ವಿಮಾನಕ್ಕೆ ಲೆಕ್ಕ ಹಾಕಿದಾಗ ಪ್ರತಿ ಆಸನಕ್ಕೆ ಇಂಧನ ಶೇ 27ರಷ್ಟು ಉಳಿಯುವುದು ಕಂಡಿತು. ಅರ್ಧಕ್ಕೆ ಅರ್ಧ ಉಳಿತಾಯ ಎಂಬ ಇಂದಿನ ಮಾತನ್ನು ಓದುವಾಗ ಈ ಹಳೆಯ ಅಂಕಿಯನ್ನೂ ಪಕ್ಕದಲ್ಲಿಟ್ಟುಕೊಳ್ಳುವುದು ಒಳ್ಳೆಯದು.

ಮೊದಲ ತೊಡಕು ಗಾಳಿಯ ಒತ್ತಡ. ಎತ್ತರದಲ್ಲಿ ಉಸಿರಾಡಲು ಕ್ಯಾಬಿನ್‌ನೊಳಗೆ ಒತ್ತಡ ತುಂಬಬೇಕು. ಒಳಗಿನ ಗಾಳಿ ಗೋಡೆಯ ಪ್ರತಿ ಚದರ ಮೀಟರನ್ನು ಐದಾರು ಟನ್ ಬಲದಿಂದ ಹೊರಕ್ಕೆ ತಳ್ಳುತ್ತದೆ. ಉರುಟಾದ ಕೊಳವೆಯ ತಗಡು ಈ ಬಲವನ್ನು ಬರೀ ಬಿಗಿತವಾಗಿ ತೆಗೆದುಕೊಳ್ಳುತ್ತದೆ, ತೆಳುವಾಗಿದ್ದರೂ ತಡೆಯುತ್ತದೆ. ಚಪ್ಪಟೆ ಗೋಡೆ ಹೊರಕ್ಕೆ ಬಾಗುತ್ತದೆ, ಬಾಗದಂತೆ ಮಾಡಲು ದಪ್ಪವಾಗಬೇಕು. ಉಳಿಸಿದ ಇಂಧನವನ್ನು ಈ ತೂಕ ತಿಂದುಹಾಕಬಾರದು. ನಾಸಾ ಮತ್ತು ಬೋಯಿಂಗ್ ಇದಕ್ಕಾಗಿ ಕಾಂಪೋಸಿಟ್ ಪದರಗಳನ್ನು ದಾರದಿಂದ ಹೊಲಿದು ಗೋಡೆ ಮಾಡುವ ವಿಧಾನ ಬೆಳೆಸಿದವು. ಸುಮಾರು 9 ಮೀಟರ್ ಅಗಲದ ಪೆಟ್ಟಿಗೆಯೊಂದನ್ನು ಹಾಗೆ ಕಟ್ಟಿ, ಒತ್ತಡ ಹಾಕಿ, ಬಗ್ಗಿಸಿ ಪರೀಕ್ಷಿಸಿದ್ದಾರೆ.

ಎರಡನೆಯದು ತುರ್ತಾಗಿ ಹೊರಬರುವುದು. ಅರ್ಧದಷ್ಟು ಬಾಗಿಲುಗಳು ಮಾತ್ರ ತೆರೆದರೂ 90 ಸೆಕೆಂಡಿನೊಳಗೆ ಎಲ್ಲರೂ ಕೆಳಗಿಳಿಯಬೇಕು ಎಂಬುದು ನಿಯಮ. 2006ರಲ್ಲಿ ಹ್ಯಾಂಬರ್ಗ್‌ನಲ್ಲಿ ಏರ್‌ಬಸ್ ಎ380ರ ಪರೀಕ್ಷೆ ಕತ್ತಲಲ್ಲಿ ನಡೆದಾಗ 873 ಜನ 78 ಸೆಕೆಂಡಿನಲ್ಲಿ ಇಳಿದರು. ಕೊಳವೆಯಲ್ಲಿ ಎರಡೂ ಬದಿಯ ಬಾಗಿಲು ಹತ್ತಿರ. ಅಗಲವಾದ ಹಾಲ್‌ನ ನಡುವೆ ಕೂತವರಿಗೆ ಬದಿ ದೂರ, ಮತ್ತು ಬದಿಯಲ್ಲಿ ಇರುವುದು ಇಂಧನ ತುಂಬಿದ ರೆಕ್ಕೆ. ಬಾಗಿಲುಗಳನ್ನು ಮುಂದೆ, ಹಿಂದೆ ಎಲ್ಲಿಡಬೇಕೆನ್ನುವುದು ಇಡೀ ಮೈಯ ರಚನೆಯನ್ನೇ ಅಲುಗಿಸುವ ಪ್ರಶ್ನೆ.

ಇನ್ನು ಪ್ರಯಾಣದ ಅನುಭವ. ವಿಮಾನ ತಿರುಗುವಾಗ ಒಂದು ಬದಿಗೆ ವಾಲುತ್ತದೆ. ಮಧ್ಯರೇಖೆಯಿಂದ 6 ಮೀಟರ್ ದೂರದ ಸೀಟಿನಲ್ಲಿ ಕೂತವರು 25 ಡಿಗ್ರಿ ವಾಲಿಕೆಯಲ್ಲಿ ಎರಡೂವರೆ ಮೀಟರ್ ಮೇಲೆ ಅಥವಾ ಕೆಳಗೆ ಹೋಗುತ್ತಾರೆ. ಎ320ರ ಕಿಟಕಿಯ ಸೀಟಿನಲ್ಲಿ ಇದು ಒಂದು ಮೀಟರಿಗಿಂತ ಕಡಿಮೆ. ಹೆಚ್ಚಿನವರಿಗೆ ಕಿಟಕಿಯೂ ಸಿಗದು.

ಮೂತಿ ಎತ್ತಿ ಏರಲು ಹಿಂದೆ ಬಾಲವಿಲ್ಲ ಎಂಬುದಕ್ಕೆ ಜೆಟ್‌ಝೀರೊ ಮಾಡಿರುವ ಉಪಾಯ, ಓಡುವಾಗಲೇ ಮುಂದಿನ ಚಕ್ರದ ಕಾಲನ್ನು ಉದ್ದಮಾಡಿ ಮೂತಿಯನ್ನು ಎತ್ತಿಕೊಡುವುದು. ಬುದ್ಧಿವಂತಿಕೆಯ ಪರಿಹಾರ, ಆದರೆ ಕೆಡಬಹುದಾದ ಇನ್ನೊಂದು ಯಂತ್ರ.

ವಿಮಾನ ಕಂಪನಿಗಳಿಗೆ ಇವೆಲ್ಲಕ್ಕಿಂತ ದೊಡ್ಡ ತಲೆನೋವು ಬೇರೆಯೇ ಇದೆ ಎಂದು ನನ್ನ ಅನಿಸಿಕೆ. ಕೊಳವೆಯನ್ನು ನಡುವೆ ಕತ್ತರಿಸಿ ಒಂದು ಉಂಗುರ ಸೇರಿಸಿದರೆ ವಿಮಾನ ಉದ್ದವಾಗುತ್ತದೆ. 37.6 ಮೀಟರಿನ ಎ320 ಹೀಗೆಯೇ 44.5 ಮೀಟರಿನ ಎ321 ಆಯಿತು. ಅದೇ ಕಾಕ್‌ಪಿಟ್, ಹೆಚ್ಚುಕಡಿಮೆ ಅದೇ ರೆಕ್ಕೆ, ಅದೇ ಪೈಲಟ್‌ಗಳು. ಮೈಯೆಲ್ಲ ಒಂದೇ ರೆಕ್ಕೆಯಾಗಿರುವ ವಿಮಾನದಲ್ಲಿ ಒಂದು ಕಡೆ ಹಿಗ್ಗಿಸಿದರೆ ಇಡೀ ಆಕಾರದ ಲೆಕ್ಕ ಕೆಡುತ್ತದೆ. ಇಂಡಿಗೊ 2023ರ ಜೂನ್‌ನಲ್ಲಿ ಒಂದೇ ಏಟಿಗೆ 500 ವಿಮಾನ ಕೊಳ್ಳಲು ಸಹಿ ಹಾಕಿತಲ್ಲ, ಅವೆಲ್ಲ ಎ320 ಕುಟುಂಬದವು. ದಾರಿಗೆ ತಕ್ಕ ಅಳತೆ ಆರಿಸಿಕೊಳ್ಳುವ ಆ ಅನುಕೂಲವೇ ಕೊಳವೆಯ ದೊಡ್ಡ ಬಲ.

ಮೊದಲು ಯಾವುದು ಹಾರುತ್ತದೆ?

ಈ ಆಕಾರ ಹಾರಬಲ್ಲದು ಎಂಬುದರಲ್ಲಿ ಅನುಮಾನ ಉಳಿದಿಲ್ಲ. 6 ಮೀಟರಿಗೂ ಸ್ವಲ್ಪ ಹೆಚ್ಚು ಅಗಲದ, ಪೈಲಟ್ ಇಲ್ಲದ ಎಕ್ಸ್-48 ಎಂಬ ಚಿಕ್ಕ ಮಾದರಿ ಅದೇ ಎಡ್ವರ್ಡ್ಸ್ ನೆಲೆಯಲ್ಲಿ 2007ರಿಂದ 2013ರವರೆಗೆ 122 ಬಾರಿ ಹಾರಿದೆ. ನಿಧಾನ ವೇಗದಲ್ಲಿ, ಸ್ಟಾಲ್‌ನ ಅಂಚಿನಲ್ಲಿ ಅದು ಹೇಗೆ ವರ್ತಿಸುತ್ತದೆ ಎಂಬುದನ್ನು ಕೂಲಂಕಷವಾಗಿ ಅಳೆದಿದ್ದಾರೆ.

ಪೂರ್ಣ ಗಾತ್ರದ ವಿಮಾನಕ್ಕೆ ಹಣ ಬಂದದ್ದು ಸೇನೆಯಿಂದ. 2023ರ ಆಗಸ್ಟ್‌ನಲ್ಲಿ ಅಮೆರಿಕದ ವಾಯುಪಡೆ ಜೆಟ್‌ಝೀರೊಗೆ 23.5 ಕೋಟಿ ಡಾಲರ್ ನೆರವು ಪ್ರಕಟಿಸಿತು. 2027ರಲ್ಲಿ ಹಾರಿಸುವುದು ಗುರಿ. ವಾಯುಪಡೆಗೆ ಬೇಕಿರುವುದು ಆಕಾಶದಲ್ಲೇ ಬೇರೆ ವಿಮಾನಗಳಿಗೆ ಇಂಧನ ತುಂಬುವ ಟ್ಯಾಂಕರ್ ಮತ್ತು ಸರಕು ಸಾಗಿಸುವ ವಿಮಾನ. ಟ್ಯಾಂಕರ್‌ನಲ್ಲಿ ಇಂಧನಕ್ಕೆ ಕಿಟಕಿ ಬೇಡ, ವಾಲಿಕೆಯಲ್ಲಿ ಹೊಟ್ಟೆ ತೊಳಸುವುದಿಲ್ಲ, 90 ಸೆಕೆಂಡಿನಲ್ಲಿ ಇಳಿಸಬೇಕಾದ ನೂರಾರು ಜನರಿಲ್ಲ. ಚಪ್ಪಟೆ ಮೈಯ ದೊಡ್ಡ ಭಾಗಕ್ಕೆ ಒತ್ತಡ ತುಂಬುವ ಅಗತ್ಯವೂ ಇಲ್ಲದೆ ಹೋಗಬಹುದು. ಈ ಆಕಾರ ಕೇಳುವ ಬೆಲೆಯಲ್ಲಿ ಹೆಚ್ಚಿನ ಪಾಲು ಅಲ್ಲಿ ಮನ್ನಾ ಆಗಿ, ಉಳಿಯುವುದು ಇಂಧನದ ಲಾಭ. ಯುನೈಟೆಡ್‌ನ ಷರತ್ತುಗಳ ಪಟ್ಟಿಯಲ್ಲೂ ಪೂರ್ಣ ಗಾತ್ರದ ಈ ಮಾದರಿ ಹಾರಿ ತೋರಿಸುವುದು ಸೇರಿದೆ.